ಸಾಫ್ಟ್‌ವೇರ್ ಬಿಟ್ಟಿ, ಪಿನ್ನಿಗೆ ದುಡ್ಡು

ಓದುಗರ ಪ್ರಶ್ನೆ, ಗುಬ್ಬಿಯಿಂದ ಉತ್ತರ

ಸಣ್ಣಪುಟ್ಟ ಫಂಕ್ಷನ್‌ಗಳಿಗೆ ಡಿಜೆ ಮಾಡುವವರು ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬರೆದವರಲ್ಲಿ ಮುಕ್ಕಾಲು ಜನ ಕೇಳಿರುವುದು ಒಂದೇ: ಯಾವ ಸಾಫ್ಟ್‌ವೇರ್ ತಗೊಳ್ಳಲಿ? ಪಿನ್ನು, ವೈರು, ಮೈಕಿನ ಬಗ್ಗೆ ಕೇಳಿದವರು ಇಬ್ಬರೋ ಮೂವರೋ. ಫಂಕ್ಷನ್ ಕೆಡುವುದು ಮಾತ್ರ ಇವುಗಳಿಂದಲೇ.

ಗುಬ್ಬಿ ಅಂದರೆ ನಾಡಿಗೆಲ್ಲ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ನಮ್ಮ ಬೀದಿಯಲ್ಲಿ ನಮ್ಮದು ‘ಮೈಕ್‌ಸೆಟ್ನೋರ ಮನೆ’, ಅಷ್ಟೇ. ಅಪ್ಪ ಮರಕ್ಕೆ ಹಾರ್ನ್ ಕಟ್ಟಿ ಕ್ಯಾಸೆಟ್ ಹಾಕುತ್ತಿದ್ದರು. ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇನೆ. ಬೈಗುಳ ಬದಲಾಗಿಲ್ಲ: “ಏಯ್ ಮೈಕ್‌ಸೆಟ್, ಸೌಂಡ್ ಕಮ್ಮಿ ಮಾಡಪ್ಪ!”

ಸಾರ್, ನನ್ನ ಹತ್ತಿರ 40 ಸಾವಿರ ರೂಪಾಯಿ ಇದೆ. ನಾಮಕರಣ, ಬರ್ತ್‌ಡೇ, ಚಿಕ್ಕ ರಿಸೆಪ್ಷನ್‌ಗಳಿಗೆ ಡಿಜೆ ಮಾಡಬೇಕು ಅಂತ ಆಸೆ. 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಇದೆ. ಗೆಳೆಯ ಒಬ್ಬ ‘ದುಡ್ಡು ಕೊಟ್ಟು ಪ್ರೊ ಸಾಫ್ಟ್‌ವೇರ್ ತಗೋ, ಇಲ್ಲಾಂದ್ರೆ ಯಾರೂ ಕರೆಯಲ್ಲ’ ಅಂತಾನೆ. ನಿಜವಾ?
— ಓದುಗ, ಚಿಕ್ಕನಾಯಕನಹಳ್ಳಿ

ಇಷ್ಟು ವರ್ಷದಲ್ಲಿ ಒಬ್ಬ ಮದುಮಗನ ಅಪ್ಪನೂ ನನ್ನ ಲ್ಯಾಪ್‌ಟಾಪ್ ಬಗ್ಗಿಸಿ ನೋಡಿ ‘ಇದು ಯಾವ ಸಾಫ್ಟ್‌ವೇರು?’ ಅಂತ ಕೇಳಿಲ್ಲ. ಗೆಳೆಯನಿಗೆ ಒಂದು ಟೀ ಕುಡಿಸಿ ಕಳಿಸಿ.

ಮಿಕ್ಸ್ ಅಂತ ಒಂದು ಸಾಫ್ಟ್‌ವೇರ್ ಇದೆ. ಹುಡುಕುವಾಗ ಕೊನೆಗೆ ಒಂದಲ್ಲ, ಮೂರು ಎಕ್ಸ್ ಹಾಕಿ, ಇಲ್ಲವಾದರೆ ಅಡುಗೆಮನೆ ಮಿಕ್ಸಿ ಸಿಗುತ್ತದೆ. 2001ರಲ್ಲಿ ಶುರುವಾದ ಇದು ಓಪನ್ ಸೋರ್ಸ್. ಪೂರ್ತಿ ಬಿಟ್ಟಿ, ಅದೂ ಕದ್ದ ಬಿಟ್ಟಿ ಅಲ್ಲ, ಅವರೇ ಕೊಡುವ ಬಿಟ್ಟಿ. ದುಡ್ಡಿನ ಫಂಕ್ಷನ್‌ಗೆ ಬಳಸಿದರೂ ಯಾರೂ ಕೇಳುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಾಡಿನ ವೇಗ ಕಂಡುಹಿಡಿಯುವುದು, ಎರಡು ಹಾಡು ಜೋಡಿಸುವುದು, ರೆಕಾರ್ಡಿಂಗ್, ಎಲ್ಲ ಇದೆ. ಊಟಕ್ಕೆ ಎದ್ದು ಹೋಗಬೇಕಾದಾಗ ‘ಆಟೋ ಡಿಜೆ’ ಒತ್ತಿ ಹೋದರೆ ಅದರ ಪಾಡಿಗೆ ಅದು ಹಾಡು ಬದಲಿಸುತ್ತಾ ಇರುತ್ತದೆ. ನಾನು ಹೋಳಿಗೆ ಊಟ ಬಿಸಿಯಾಗಿ ತಿನ್ನಲು ಶುರು ಮಾಡಿದ್ದೇ ಆಮೇಲೆ.

ಬೇರೆಯವೂ ಕೆಟ್ಟವಲ್ಲ. ವರ್ಚುವಲ್ ಡಿಜೆ ಮನೆಯಲ್ಲಿ ಕಲಿಯಲು ಬಿಟ್ಟಿ, ಸಂಪಾದನೆಗೆ ಬಳಸಿದರೆ ಪ್ರೊ ಲೈಸೆನ್ಸ್ ಬೇಕು. ವಿಡಿಯೊ, ಕ್ಯಾರಿಯೋಕೆ ಬೇಕು ಅನ್ನುವವರಿಗೆ ಅದು ಚೆನ್ನಾಗಿದೆ. ಸೆರಾಟೊ ಡಿಜೆ ಲೈಟ್ ಬಿಟ್ಟಿಯೇ, ಆದರೆ ಪೂರ್ತಿ ಬಳಸಬೇಕಾದರೆ ಅದಕ್ಕೆ ಹೊಂದುವ ಕಂಟ್ರೋಲರ್ (ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ, ಗುಂಡಿ ಮತ್ತು ತಿರುಗುವ ತಟ್ಟೆ ಇರುವ ಪೆಟ್ಟಿಗೆ) ಸಿಕ್ಕಿಸಬೇಕು. ರೆಕಾರ್ಡ್‌ಬಾಕ್ಸ್ ಕೂಡ ಹಾಗೇ. ಪಯೋನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4 ಸಿಕ್ಕಿಸಿದರೆ ಅದರ ಬೀಗ ತೆರೆಯುತ್ತದೆ. ಆ ಕಂಟ್ರೋಲರ್ ನನಗೂ ಇಷ್ಟ. ನಿಮ್ಮ 40 ಸಾವಿರದಲ್ಲಿ ಮುಕ್ಕಾಲು ಪಾಲು ಅದೊಂದೇ ನುಂಗಿಬಿಟ್ಟರೆ ಮಿಕ್ಕಿದ್ದಕ್ಕೆ ಏನು ಮಾಡುತ್ತೀರಿ?

ಅದರ ಬದಲು ಹರ್ಕ್ಯುಲಿಸ್ ಇನ್‌ಪಲ್ಸ್ 200 ತರಹದ ಚಿಕ್ಕದು ಸಾಕು. ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುತ್ತದೆ, ಮಿಕ್ಸ್ ಜೊತೆ ಕೆಲಸ ಮಾಡುತ್ತದೆ. ಒಳಗೇ ಸೌಂಡ್ ಕಾರ್ಡ್ ಇರುವುದರಿಂದ ಜನಕ್ಕೆ ಒಂದು ಹಾಡು ಕೇಳುತ್ತಿರುವಾಗ ನೀವು ಹೆಡ್‌ಫೋನ್‌ನಲ್ಲಿ ಮುಂದಿನ ಹಾಡು ಕೇಳಬಹುದು. ಬರೀ ಲ್ಯಾಪ್‌ಟಾಪ್‌ನ ಇಪಿ ಪಿನ್‌ನಲ್ಲಿ (ಇಯರ್‌ಫೋನ್ ಸಿಕ್ಕಿಸುವ ತೂತಿನಲ್ಲಿ) ಇದು ಸರಿಯಾಗಿ ಆಗುವುದಿಲ್ಲ, ಅಲ್ಲಿ ಇರುವುದು ಒಂದೇ ದಾರಿ. ಕಂಟ್ರೋಲರ್ ತಗೊಳ್ಳಲು ಇರುವ ದೊಡ್ಡ ಕಾರಣ ಇದು. ಮೇಲಿನ ತಿರುಗುವ ತಟ್ಟೆ ನೋಡಿ ಮರುಳಾಗಬೇಡಿ.

ಆ ಚಿಕ್ಕದರಲ್ಲಿ ಮೈಕ್ ಹಾಕುವ ಜಾಗ ಇಲ್ಲ. ಇದನ್ನು ಕೊರತೆ ಅಂದುಕೊಳ್ಳಬೇಡಿ. ನಮ್ಮ ಕಡೆ ಫಂಕ್ಷನ್ ಅಂದರೆ ಹಾಡಿಗಿಂತ ಮೈಕೇ ಜಾಸ್ತಿ. ‘ಕೆಎ-06 ನಂಬರಿನ ಬಿಳಿ ಕಾರು ಅಡ್ಡ ನಿಂತಿದೆ, ತೆಗೆಯಿರಿ’, ‘ಊಟಕ್ಕೆ ಏಳಿ’, ‘ತಿಪಟೂರು ಕಡೆ ಬಸ್ಸು ಹೊರಡುತ್ತಿದೆ’. ಆ ಮೈಕ್ ಲ್ಯಾಪ್‌ಟಾಪ್ ಮೂಲಕ ಹೋಗಲೇಬಾರದು. ನಾಲ್ಕು ಚಾನೆಲ್‌ನ ಒಂದು ಪುಟ್ಟ ಮಿಕ್ಸರ್ ತಗೊಳ್ಳಿ. ಮೈಕ್ ನೇರ ಮಿಕ್ಸರ್‌ಗೆ, ಕಂಟ್ರೋಲರ್ ಇನ್ನೊಂದು ಚಾನೆಲ್‌ಗೆ. ಲ್ಯಾಪ್‌ಟಾಪ್ ನಿಂತುಹೋದರೂ ಮೈಕ್ ಬದುಕಿರುತ್ತದೆ. ‘ಐದು ನಿಮಿಷ, ಈಗ ಮಕ್ಕಳು ಸ್ಟೇಜಿಗೆ ಬರಲಿ’ ಅಂತ ನೀವೇ ಮಾತಾಡಿ ಮಾನ ಉಳಿಸಿಕೊಳ್ಳಬಹುದು. ಮಿಕ್ಸರ್ ಇಲ್ಲದ ಡಿಜೆಗೆ ಈ ಐದು ನಿಮಿಷ ಐದು ಗಂಟೆ.

ಇನ್ನು ಪಿನ್ನು. ಕಂಟ್ರೋಲರ್‌ನಿಂದ ಬರುವುದು ಆರ್‌ಸಿಎ (ಟಿವಿ ಹಿಂದಿನ ಕೆಂಪು-ಬಿಳಿ ಪಿನ್ನು), ಮಿಕ್ಸರ್ ಕೇಳುವುದು ಪಿ-38 (ಗಿಟಾರಿಗೆ ಹಾಕುವ ದಪ್ಪ ಪಿನ್ನು), ಸ್ಪೀಕರ್ ಕೇಳುವುದು ಎಕ್ಸ್‌ಎಲ್‌ಆರ್ (ಮೈಕಿನ ಮೂರು ಕಡ್ಡಿಯ ಪಿನ್ನು). ಆರ್‌ಸಿಎ ವೈರ್ ಚಿಕ್ಕದಿರಲಿ, ಎರಡು ಮೂರು ಮೀಟರ್ ಒಳಗೆ. ಉದ್ದ ಎಳೆಯುವುದೆಲ್ಲ ಮಿಕ್ಸರ್‌ನಿಂದ ಸ್ಪೀಕರ್‌ಗೆ, ಎಕ್ಸ್‌ಎಲ್‌ಆರ್‌ನಲ್ಲಿ. ಅದು 20 ಮೀಟರ್ ಹೋದರೂ ಗೊರಗೊರ ಹಿಡಿಯುವುದಿಲ್ಲ. ಒಂದೊಂದಕ್ಕೂ ಒಂದು ಜೋಡಿ ಹೆಚ್ಚಿಗೆ ಇಟ್ಟುಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಒಂದು ದಿನ ಹೋಗಿ ಬಂದರೆ ಎಲ್ಲ ಸಿಗುತ್ತದೆ. ಅಲ್ಲಿ ಪಿನ್ನನ್ನು ಕೈಯಲ್ಲಿ ಹಿಡಿದು ಕ್ಯಾಪ್ ಬಿಚ್ಚಿ ಒಳಗಿನ ಬೆಸುಗೆ ನೋಡಿ. ಬೆಸುಗೆ ಹೊಳೆಯುತ್ತಿರಬೇಕು. ಬೂದಿ ಬಣ್ಣದಲ್ಲಿ ಗುಳ್ಳೆ ಗುಳ್ಳೆಯಾಗಿದ್ದರೆ ಮೂರನೇ ಫಂಕ್ಷನ್‌ಗೆ ಕಿತ್ತು ಬರುತ್ತದೆ. ಅಪ್ಪ ಹಾಗೇ ನೋಡುತ್ತಿದ್ದರು, ಅಂಗಡಿಯವರು ಬೈದುಕೊಂಡೇ ಕೊಡುತ್ತಿದ್ದರು.

ನನ್ನ ಅಂದಾಜು ಹೇಳುತ್ತೇನೆ, ಅಂಗಡಿಯಲ್ಲಿ ಸಾವಿರ ಎರಡು ಸಾವಿರ ಆಚೀಚೆ ಆಗುತ್ತದೆ. ಕಂಟ್ರೋಲರ್‌ಗೆ 10 ಸಾವಿರ, ಮಿಕ್ಸರ್‌ಗೆ 6 ಸಾವಿರ, ಕಾರ್ಡ್‌ಲೆಸ್ ಮೈಕಿಗೆ 4, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್‌ಗೆ 3, ವೈರು ಪಿನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ 4. ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿ, ಸಾಧ್ಯವಾದರೆ ರ‍್ಯಾಮ್ 8 ಜಿಬಿ ಮಾಡಿಸಿ, ಅದಕ್ಕೆ 5. ಒಟ್ಟು 32. ಉಳಿದ 8 ಸಾವಿರ ಸ್ಪೀಕರ್ ಬಾಡಿಗೆಗೆ.

ಹೌದು, ಬಾಡಿಗೆ. ಮೊದಲ ಹತ್ತು ಫಂಕ್ಷನ್‌ಗೆ ಸ್ಪೀಕರ್ ಕೊಳ್ಳಬೇಡಿ. 12 ಇಂಚಿನ ಆಕ್ಟಿವ್ (ಆಂಪ್ಲಿಫೈಯರ್ ಒಳಗೇ ಇರುವ) ಸ್ಪೀಕರ್ ಒಂದು ಜೋಡಿ ಸ್ಟ್ಯಾಂಡ್ ಸಮೇತ ಊರಿನ ಸೌಂಡ್ಸ್‌ನವರ ಹತ್ತಿರ ತಗೊಳ್ಳಿ. ಯಾವುದು ಹೊರಾಂಗಣದಲ್ಲಿ ಸಾಲುತ್ತದೆ, ಯಾವುದು ಟಾಟಾ ಏಸ್ ಇಲ್ಲದೆ ಕಾರಲ್ಲೇ ಹಿಡಿಸುತ್ತದೆ ಅನ್ನುವುದು ಹೊತ್ತು ನೋಡಿದ ಮೇಲೇ ಗೊತ್ತಾಗುವುದು. ಆಮೇಲೆ ಕೊಳ್ಳುವಾಗ ಡಬ್ಬದ ಮೇಲಿನ ‘5000 ವ್ಯಾಟ್ಸ್’ ನೋಡಬೇಡಿ, ಆರ್‌ಎಂಎಸ್ (ಒಂದೇ ಸಮ ಕೊಡಬಲ್ಲ ನಿಜವಾದ ವ್ಯಾಟ್) ಎಷ್ಟು ಅಂತ ಕೇಳಿ. ವ್ಯಾಟ್ ಎರಡರಷ್ಟಾದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ‘ಡಬಲ್ ಸೌಂಡ್’ ಅನ್ನಿಸಬೇಕಾದರೆ ಹತ್ತರಷ್ಟು ವ್ಯಾಟ್ ಬೇಕು. ಬಯಲಲ್ಲಿ ಸ್ಪೀಕರ್‌ನಿಂದ ದೂರ ಎರಡರಷ್ಟಾದಾಗೆಲ್ಲ 6 ಡೆಸಿಬೆಲ್ ಕಳೆದುಹೋಗುತ್ತದೆ. ಅದಕ್ಕೇ ಸ್ಪೀಕರನ್ನು ಜನರ ತಲೆಗಿಂತ ಎತ್ತರಕ್ಕೆ, ಕುಣಿಯುವವರ ಹತ್ತಿರ ನಿಲ್ಲಿಸಿದರೆ ದುಡ್ಡು ಉಳಿಯುತ್ತದೆ.

ಲ್ಯಾಪ್‌ಟಾಪ್ ಬಗ್ಗೆ ಒಂದು ಮಾತು. ಹಾಡು ಕಿಟಕಿಟ ಅಂದರೆ ಮಿಕ್ಸ್‌ನ ಸೌಂಡ್ ಹಾರ್ಡ್‌ವೇರ್ ಪುಟದಲ್ಲಿ ಬಫರ್ (ಹಾಡನ್ನು ಮೊದಲೇ ಸ್ವಲ್ಪ ತುಂಬಿಟ್ಟುಕೊಳ್ಳುವ ಜಾಗ) ಏರಿಸಿ. 1024 ಸ್ಯಾಂಪಲ್‌ಗೆ ಇಟ್ಟರೆ ಸುಮಾರು 23 ಮಿಲಿಸೆಕೆಂಡ್ ತಡ. ಸ್ಕ್ರ್ಯಾಚ್ ಮಾಡುವವನಿಗೆ ಅದು ಜಾಸ್ತಿ, ನಾಮಕರಣಕ್ಕೆ ಏನೂ ಅಲ್ಲ. ವೈಫೈ ಆಫ್, ಅಪ್‌ಡೇಟ್ ನಿಲ್ಲಿಸಿ, ಸಿಸ್ಟಂ ಶಬ್ದಗಳೆಲ್ಲ ಬಂದ್.

ನಮ್ಮೂರಿನ ಮನೆ ಫಂಕ್ಷನ್‌ಗಳಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿದ ಕೂಡಲೇ ಸ್ಪೀಕರ್‌ನಲ್ಲಿ ‘ಗುಂಯ್’ ಅನ್ನುತ್ತದೆ. ಛತ್ರದಲ್ಲಿ ಬರುವುದಿಲ್ಲ. ಸಾಫ್ಟ್‌ವೇರ್ ಬದಲಿಸಿದರೂ ಹೋಗಲಿಲ್ಲ.
— ಓದುಗ, ಮಧುಗಿರಿ

ನಿಮ್ಮ ಕಾಗದ ಓದಿ ನನ್ನದೇ ಕಥೆ ನೆನಪಾಯಿತು. ಕೊರಟಗೆರೆ ಕಡೆ ಒಂದು ಹಳ್ಳಿಯಲ್ಲಿ ಗೃಹಪ್ರವೇಶದ ಸಂಜೆ. ಹೊಸ ಮನೆ, ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಎಲ್ಲ ಜೋಡಿಸಿ ಫೇಡರ್ (ಸೌಂಡ್ ಏರಿಸಿ ಇಳಿಸುವ ಜಾರುಗುಂಡಿ) ಎತ್ತಿದೆ. ಗುಂಯ್ ಅಂತ ಶುರುವಾಯಿತು ನೋಡಿ, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ವೈರ್ ಬದಲಿಸಿದೆ, ಚಾನೆಲ್ ಬದಲಿಸಿದೆ, ಸಾಫ್ಟ್‌ವೇರ್ ಮುಚ್ಚಿ ತೆರೆದೆ. ಮನೆಯ ಯಜಮಾನರು ಬಂದು ಪಕ್ಕದಲ್ಲಿ ಸುಮ್ನೆ ಕೈಕಟ್ಟಿ ನಿಂತರು. ಬೈದಿದ್ದರೂ ಪರವಾಗಿರಲಿಲ್ಲ. ಕೊನೆಗೆ ಯಾವುದೋ ವೈರ್ ಹುಡುಕುವಾಗ ಮೊಣಕೈ ತಾಗಿ ಲ್ಯಾಪ್‌ಟಾಪ್ ಚಾರ್ಜರ್ ಕಳಚಿತು. ನಿಶ್ಶಬ್ದ. ಆ ಮನೆಯಲ್ಲಿ ಅರ್ಥಿಂಗ್ ಗುಂಡಿಯೇ ತೋಡಿರಲಿಲ್ಲ.

ಆವತ್ತು ಬ್ಯಾಟರಿ 40 ನಿಮಿಷ ಬಂತು. ಒಂದು ಕಣ್ಣು ಕುಣಿಯುವವರ ಮೇಲೆ, ಒಂದು ಕಣ್ಣು ಬ್ಯಾಟರಿ ಗೆರೆ ಮೇಲೆ. ಆಮೇಲೆ ಫೋನ್ ಸಿಕ್ಕಿಸಿ ಮುಗಿಸಿದೆ.

ಆಗುವುದು ಇಷ್ಟೇ. ಚಾರ್ಜರ್ ಒಳಗಿಂದ ಸ್ವಲ್ಪ ಕರೆಂಟ್ ಸದಾ ಸೋರುತ್ತಿರುತ್ತದೆ. ಅರ್ಥಿಂಗ್ ಸರಿ ಇದ್ದರೆ ಅದು ನೆಲಕ್ಕೆ ಇಳಿಯುತ್ತದೆ. ಇಲ್ಲವಾದರೆ ನಿಮ್ಮ ಆಡಿಯೊ ವೈರಿನ ಲೋಹದ ಹೊದಿಕೆಯನ್ನೇ ದಾರಿ ಮಾಡಿಕೊಂಡು ಮಿಕ್ಸರ್‌ಗೆ ಹೋಗುತ್ತದೆ. ಅರ್ಥಿಂಗ್ ಇದ್ದೂ ಲ್ಯಾಪ್‌ಟಾಪ್ ಒಂದು ಕೋಣೆಯ ಪ್ಲಗ್‌ನಲ್ಲಿ, ಸ್ಪೀಕರ್ ಇನ್ನೊಂದು ಕೋಣೆಯ ಪ್ಲಗ್‌ನಲ್ಲಿ ಇದ್ದರೂ ಹೀಗಾಗುತ್ತದೆ. ಮೊದಲು ಚಾರ್ಜರ್ ಕಿತ್ತು ನೋಡಿ. ಶಬ್ದ ನಿಂತರೆ ಕಳ್ಳ ಸಿಕ್ಕ. ಲ್ಯಾಪ್‌ಟಾಪ್, ಮಿಕ್ಸರ್, ಸ್ಪೀಕರ್ ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಹೋಗಲಿಲ್ಲವೋ, ಕಂಟ್ರೋಲರ್ ಮತ್ತು ಮಿಕ್ಸರ್ ನಡುವೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಹಾಕಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್, ಬೆಲೆ ಕೆಲವೇ ನೂರು ರೂಪಾಯಿ.

ಶಬ್ದ ನಿಲ್ಲಲಿ ಅಂತ ಪ್ಲಗ್ಗಿನ ದಪ್ಪ ಪಿನ್ (ಅರ್ಥಿಂಗ್‌ನದು) ಮುರಿಯುವವರಿದ್ದಾರೆ. ಶಬ್ದ ನಿಲ್ಲುತ್ತದೆ, ನಿಜ. ಆಮೇಲೆ ಸ್ಪೀಕರ್ ಒಳಗೆ ಏನಾದರೂ ಸುಟ್ಟರೆ ಕರೆಂಟ್ ವೈರ್ ಇರುವ ಮೈಕಿನ ಮೈಗೆ ಬರಬಹುದು. ಮೈಕ್ ಹಿಡಿದವರು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿರುತ್ತಾರೆ. ಆ ಕೆಲಸ ಮಾತ್ರ ಮಾಡಬೇಡಿ.

ಮಗ ಡಿಗ್ರಿ ಎರಡನೇ ವರ್ಷ. ಡಿಜೆ ಆಗುತ್ತೇನೆ, 1 ಲಕ್ಷದ 20 ಸಾವಿರ ಸಾಲ ಕೊಡಿಸಿ ಅಂತ ಊಟ ಬಿಟ್ಟು ಕೂತಿದ್ದಾನೆ. ಏನು ಹೇಳಲಿ?
— ತಾಯಿ, ಮಾಲೂರು

ಅಮ್ಮಾ, ಮೊದಲು ಊಟ ಹಾಕಿ. ಆಮೇಲೆ ಮನೆಯ ಲ್ಯಾಪ್‌ಟಾಪ್‌ಗೆ ಮಿಕ್ಸ್ ಹಾಕಿಕೊಳ್ಳಲು ಹೇಳಿ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಕಂಟ್ರೋಲರ್ ಇಲ್ಲದೆ ಕೀಬೋರ್ಡಿನಲ್ಲೇ ಎರಡು ಹಾಡು ಜೋಡಿಸಲು ಎರಡು ತಿಂಗಳು ಕಲಿಯಲಿ. ಭಾನುವಾರ ಊರಿನ ಸೌಂಡ್ಸ್‌ನವರ ಜೊತೆ ವೈರ್ ಸುತ್ತಲು ಹೋಗಲಿ. ರಾತ್ರಿ ಒಂದು ಗಂಟೆಗೆ ಬೇಸ್ ಬಾಕ್ಸ್ ಹೊತ್ತು ಗಾಡಿಗೆ ಹಾಕಿ, ಮಾರನೇ ವಾರವೂ ತಾನಾಗೇ ಹೋದರೆ ಹುಡುಗನಿಗೆ ನಿಜವಾಗಿಯೂ ಆಸೆ ಇದೆ ಅಂತ. ಆಗಲೂ ಸಾಲ ಬೇಡ. ಮೇಲೆ ಬರೆದ 40 ಸಾವಿರದ ಲೆಕ್ಕ ತೋರಿಸಿ. ಮದುವೆ ಸೀಸನ್ ಬಿಟ್ಟರೆ ಆಷಾಢದಲ್ಲಿ ಈ ಕಸುಬಿಗೆ ಒಂದು ಫೋನೂ ಬರುವುದಿಲ್ಲ, ಕಂತು ಮಾತ್ರ ತಪ್ಪದೆ ಬರುತ್ತದೆ.

ಎರಡು ಹಾಡಿನ ವೇಗ ತಾನಾಗೇ ಹೊಂದಿಸುವ ಸಿಂಕ್ ಬಟನ್ ಒತ್ತಿದರೆ ಸಿನಿಮಾ ಹಾಡುಗಳು ಸರಿಯಾಗಿ ಕೂರುತ್ತವೆ. ತಮಟೆ ಬೀಟ್ ಹಾಕಿದರೆ ಎಲ್ಲ ಎಡವಟ್ಟು. ಕಂಟ್ರೋಲರ್ ದೋಷವೇ?
— ಓದುಗ, ಚಿಂತಾಮಣಿ

ದೋಷ ಕಂಟ್ರೋಲರ್‌ದಲ್ಲ, ನಿಮ್ಮ ಊರಿನವರದು! ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೇ ಅಲ್ವಾ? ಅಂಥ ಕೈಯನ್ನು ಸಾಫ್ಟ್‌ವೇರ್ ಅಳೆಯುವುದು ಸುಲಭವಲ್ಲ.

ಈ ಸಾಫ್ಟ್‌ವೇರ್‌ಗಳು ನಾಲ್ಕರ ಲೆಕ್ಕದಲ್ಲಿ ಎಣಿಸುತ್ತವೆ: ಒಂದು, ಎರಡು, ಮೂರು, ನಾಲ್ಕು. ನಮ್ಮ ಎಷ್ಟೋ ತಮಟೆ ಹೊಡೆತ ಮೂರು ಮೂರರ ಗುಂಪಿನಲ್ಲಿ ಓಡುತ್ತದೆ. ಅದು ಗೊತ್ತಾಗದೆ ನಿಮಿಷಕ್ಕೆ 96 ಬೀಟ್ ಇರುವ ಹಾಡಿಗೆ 144 ಅಂತ ತೋರಿಸುತ್ತವೆ. ಇನ್ನು ಕೈಯಲ್ಲೇ ಬಾರಿಸಿ ರೆಕಾರ್ಡ್ ಮಾಡಿದ್ದರೆ ಶುರುವಿನ ವೇಗ ಬೇರೆ, ಕುಣಿತ ಏರಿದ ಮೇಲಿನ ವೇಗ ಬೇರೆ. ಮಿಕ್ಸ್‌ನ ಬೀಟ್ ಡಿಟೆಕ್ಷನ್ ಪುಟದಲ್ಲಿ ‘ವೇಗ ಒಂದೇ ಸಮ ಇದೆ’ ಎಂದು ಹಿಡಿಯುವ ಗುರುತು ತೆಗೆದು ಮತ್ತೆ ವಿಶ್ಲೇಷಣೆ ಮಾಡಿಸಿ. ಆಗಲೂ ತಪ್ಪಿದರೆ ಟ್ಯಾಪ್ ಬಟನ್ ಮೇಲೆ ನೀವೇ ಬೆರಳಿನಿಂದ ತಾಳ ಕುಟ್ಟಿ ಕೊಡಿ.

ನಾನು ಮಾಡುವುದು ಇನ್ನೂ ಸುಲಭ. ತಮಟೆಗೆ ಸಿಂಕ್ ಮುಟ್ಟುವುದೇ ಇಲ್ಲ. ಹಿಂದಿನ ಹಾಡಿನ ಬೇಸ್ ಇಳಿಸುತ್ತೇನೆ, ಎಕೋ ಬಿಡುತ್ತೇನೆ, ಅರ್ಧ ಸೆಕೆಂಡ್ ಖಾಲಿ. ಆಮೇಲೆ ಮೊದಲ ಪೆಟ್ಟಿನಿಂದಲೇ ತಮಟೆ. ಆ ಖಾಲಿ ಜಾಗದಲ್ಲಿ ಜನರೇ ಸಿಳ್ಳೆ ಹಾಕಿ ತುಂಬುತ್ತಾರೆ.

ಹಾಡುಗಳನ್ನು ಎಲ್ಲಿಂದ ತರುವುದು? ವಿಡಿಯೊದಿಂದ ಇಳಿಸಿಕೊಂಡರೆ ತಪ್ಪಾ?
— ಓದುಗ, ತಿಪಟೂರು

ತಪ್ಪೂ ಹೌದು, ಕೇಳಲೂ ಚೆನ್ನಾಗಿರುವುದಿಲ್ಲ. ಫೋನಿನಲ್ಲಿ ಗೊತ್ತಾಗದ ಕಳಪೆ, ಎರಡು 12 ಇಂಚಿನಲ್ಲಿ ತಗಡು ಬಡಿದ ಹಾಗೆ ಕೇಳುತ್ತದೆ. ಹಾಡು ಕೊಂಡು 320 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಇಟ್ಟುಕೊಳ್ಳಿ. ನಾಲ್ಕು ನಿಮಿಷದ ಹಾಡಿಗೆ ಸುಮಾರು 10 ಎಂಬಿ, ಸಾವಿರ ಹಾಡಿಗೆ 10 ಜಿಬಿ. ಒಂದು 16 ಜಿಬಿ ಪೆನ್‌ಡ್ರೈವ್ ಸಾಕು, ಅದರ ನಕಲು ಇನ್ನೊಂದು ಪೆನ್‌ಡ್ರೈವ್‌ನಲ್ಲಿ.

ಮದುವೆಯಲ್ಲಿ ಹಾಡು ಹಾಕಲು ಲೈಸೆನ್ಸ್ ಬೇಕೇ ಅಂತಲೂ ಕೇಳಿದ್ದೀರಿ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಮದುವೆ ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಂಭ್ರಮಗಳಿಗೆ ವಿನಾಯಿತಿ ಕೊಟ್ಟಿದೆ. ಹೋಟೆಲಿನ ಹೊಸ ವರ್ಷದ ಪಾರ್ಟಿ ಅದರಲ್ಲಿ ಬರುವುದಿಲ್ಲ. ಅದಕ್ಕೆ ಲೈಸೆನ್ಸ್ ಪಾರ್ಟಿ ನಡೆಸುವವರೇ ತರಲಿ ಅಂತ ಮುಂಗಡ ತಗೊಳ್ಳುವಾಗಲೇ ಹೇಳಿಬಿಡಿ.

ರಾತ್ರಿ ಹತ್ತಕ್ಕೆ ನಿಲ್ಲಿಸಿ ಅಂತ ಪೊಲೀಸರು, ಇನ್ನೂ ಹಾಕು ಅಂತ ಮದುಮಗನ ಗೆಳೆಯರು. ಯಾರ ಮಾತು ಕೇಳಬೇಕು?
— ಓದುಗ, ಶಿರಾ

ಪೊಲೀಸರ ಮಾತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ, ಆದರೆ ಕಿಟಕಿಯೆಲ್ಲ ತೆರೆದಿಟ್ಟ ಛತ್ರವನ್ನು ಮುಚ್ಚಿದ್ದು ಅಂತ ವಾದಿಸಲು ಹೋಗಬೇಡಿ. ಹಗಲಲ್ಲೂ ಲಿಖಿತ ಅನುಮತಿ ಬೇಕು, ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಘೋಷಿಸಿರಬಹುದು. ಅನುಮತಿ ಪತ್ರದ ಫೋಟೊ ನಿಮ್ಮ ಫೋನಿನಲ್ಲಿ ಇರಲಿ. ನಾನು 9.40ಕ್ಕೇ ಮೈಕಿನಲ್ಲಿ ‘ಇನ್ನು ನಾಲ್ಕೇ ಹಾಡು’ ಅಂತ ಹೇಳುತ್ತೇನೆ. ಜಗಳವೆಲ್ಲ ಆ ಇಪ್ಪತ್ತು ನಿಮಿಷದಲ್ಲೇ ಮುಗಿದಿರುತ್ತದೆ.

ಅಣ್ಣ, ಲ್ಯಾಪ್‌ಟಾಪ್ ಇಲ್ಲ. ಬರೀ ಫೋನಿನಲ್ಲಿ ಡಿಜೆ ಮಾಡಬಹುದಾ?
— ಓದುಗ, ಗೌರಿಬಿದನೂರು

ಮಾಡುವವರಿದ್ದಾರೆ. ನಾನು ಫೋನನ್ನು ಸ್ಟೆಪ್ನಿ ಅಂತ ಇಟ್ಟುಕೊಳ್ಳುತ್ತೇನೆ. ಎರಡು ಗಂಟೆಯ ಹಾಡು ಸಾಲಾಗಿ ಜೋಡಿಸಿ, ಇಪಿ-ಆರ್‌ಸಿಎ ವೈರಿನಲ್ಲಿ ಮಿಕ್ಸರ್‌ನ ಕೊನೆಯ ಚಾನೆಲ್‌ಗೆ ಸಿಕ್ಕಿಸಿ, ಫೇಡರ್ ಇಳಿಸಿ ಇಟ್ಟಿರುತ್ತೇನೆ. ಲ್ಯಾಪ್‌ಟಾಪ್ ಕೈಕೊಟ್ಟ ದಿನ ಬೆರಳಿನ ಕೆಲಸ ಅಷ್ಟೇ.

ಫ್ಲೈಟ್ ಮೋಡ್ ಮಾತ್ರ ಮರೆಯಬೇಡಿ. ಒಂದು ಮದುವೆಯಲ್ಲಿ ಧಾರೆಗೆ ಮುಂಚೆ ಮೆಲ್ಲಗೆ ನಾದಸ್ವರ ಬರಲಿ ಅಂತ ಫೋನಿನಿಂದ ಹಾಕಿದ್ದೆ. ಸರಿಯಾಗಿ ಆಗಲೇ ಮನೆಯಿಂದ ಫೋನ್ ಬಂತು. ನನ್ನ ರಿಂಗ್‌ಟೋನ್ ಇಡೀ ಛತ್ರಕ್ಕೆ ಕೇಳಿಸಿತು. ಪುರೋಹಿತರು ಮಂತ್ರ ನಿಲ್ಲಿಸಿ ಮೊದಲು ತಮ್ಮ ಸೊಂಟ ತಡವಿಕೊಂಡರು, ಆಮೇಲೆ ನನ್ನ ಕಡೆ ತಿರುಗಿದರು.